ಕಳಕೇಶ ಲ್ಯಾಪ್‌ಟಾಪ್ ವಿಚಾರಿಸಿದ ವಾರ

ಕುಷ್ಟಗಿಯ ಮಂದಿ ಕಳಕೇಶನನ್ನು ಕಂಡರೆ ಮೊದಲು ತಮ್ಮ ಮನೆಯ ಮೀಟರನ್ನು ನೆನೆಸಿಕೊಳ್ಳುತ್ತಿದ್ದರು, ಆಮೇಲೆ ಅವನನ್ನು. ಹೆಗಲಿಗೆ ಚೀಲ, ಕೈಯಲ್ಲಿ ಕರೆಂಟ್ ಬಿಲ್ಲು ಹೊಡೆಯುವ ಪುಟ್ಟ ಯಂತ್ರ ಹಿಡಿದು ಮನೆಮನೆಯ ಮೀಟರಿನ ಮುಂದೆ ಕತ್ತೆತ್ತಿ ನಿಲ್ಲುವುದು ಅವನ ಉದ್ಯೋಗ. ಯಂತ್ರ ಕಿರ್ರೆಂದು ಕಾಗದ ಉಗುಳುವಾಗ ಅವನ ಮುಖದ ಮೇಲೆ ಎಂಥ ಗಾಂಭೀರ್ಯ ಬರುತ್ತಿತ್ತೆಂದರೆ, ಅದನ್ನು ಅವನೇ ತಯಾರು ಮಾಡಿದನೇನೋ ಎನ್ನಬೇಕು. ನಿಜ ಹೇಳಬೇಕೆಂದರೆ ಅದರ ಗುಂಡಿಗಳಲ್ಲಿ ಅವನಿಗೆ ಪರಿಚಯವಿದ್ದವು ಕೆಲವೇ. ಉಳಿದವುಗಳ ತಂಟೆಗೆ ಅವನು ಹೋಗಿರಲಿಲ್ಲ, ಅವೂ ಇವನ ತಂಟೆಗೆ ಬಂದಿರಲಿಲ್ಲ.

ಅವನ ಹೆಂಡತಿ ಅನ್ನಪೂರ್ಣಳಿಗೆ ಲ್ಯಾಪ್‌ಟಾಪ್ ಬೇಕಾದದ್ದು ಇಂಥ ಸಮಯದಲ್ಲಿ. ಊರಿನ ಮಹಿಳಾ ಸಂಘವೊಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ದೂರದ ಊರುಗಳಿಗೆ ಕಳಿಸುತ್ತಿತ್ತು. ಬಂದ ಆರ್ಡರು ತೆಗೆದುಕೊಂಡು ಬಿಲ್ಲು ಮಾಡಲು ಒಬ್ಬ ಹೆಣ್ಣುಮಗಳು ಬೇಕೆಂದು ಹೇಳಿದ್ದರು. ಬಂದವರನ್ನೆಲ್ಲ ಸೋಸಿದ ಮೇಲೆ ಕೊನೆಗೆ ಮೂವರು ಉಳಿದಿದ್ದರು. ಒಬ್ಬಳು ತಾವರಗೇರಾದವಳು, ಒಬ್ಬಳು ಇಟಗಿಯವಳು, ಇನ್ನೊಬ್ಬಳು ಅನ್ನಪೂರ್ಣ. ಮುಂದಿನ ಸೋಮವಾರ ಹತ್ತು ಗಂಟೆಗೆ ಮೂವರೂ ತಂತಮ್ಮ ಲ್ಯಾಪ್‌ಟಾಪ್ ತೆಗೆದುಕೊಂಡು ಬಂದು ಒಂದು ಬಿಲ್ಲು ಮಾಡಿ ತೋರಿಸಬೇಕು. ಲ್ಯಾಪ್‌ಟಾಪ್ ಇಲ್ಲದವರು ಬರುವ ಶ್ರಮ ತೆಗೆದುಕೊಳ್ಳಬಾರದು ಎಂದು ಸಂಘದ ಅಧ್ಯಕ್ಷೆ ಮೊದಲೇ ತಿಳಿಸಿದ್ದರು.

ಅನ್ನಪೂರ್ಣ ಲಗ್ನಕ್ಕೆ ಮುಂಚೆ ಯಲಬುರ್ಗಾದಲ್ಲಿ ಕಂಪ್ಯೂಟರ್ ಕಲಿತವಳು. ಲಗ್ನವಾದ ಮೇಲೆ ಆ ಬೆರಳುಗಳು ರೊಟ್ಟಿ ಬಡಿದದ್ದೇ ಬಡಿದದ್ದು. ಈಗ ಮತ್ತೆ ಆಸೆ ಚಿಗುರಿತ್ತು. ಆ ಕೆಲಸ ತನಗೆ ಸಿಗಬೇಕೆಂದು ಅವಳಿಗೆ ಎಷ್ಟು ಹಂಬಲವಿತ್ತೆಂದರೆ, ನಿದ್ದೆಯಲ್ಲೂ ಅವಳ ಬೆರಳು ಹೊದ್ದ ಕೌದಿಯ ಮೇಲೆ ಟೈಪು ಮಾಡುತ್ತಿದ್ದವು. ತಾನೇ ಅಂಗಡಿಗೆ ಹೋಗಿ ಸಾದಾ ಒಂದು ಲ್ಯಾಪ್‌ಟಾಪ್ ತರುತ್ತೇನೆಂದು ಅವಳು ಹೊರಟಿದ್ದಳು. ಕಳಕೇಶ ಅಡ್ಡ ಬಂದ.

"ಮಷಿನಿನ ಸುದ್ದಿ ನನಗ ಬಿಡು. ನಾ ಆರಿಸಿ ತರ್ತೀನಿ," ಎಂದ.

ಇದನ್ನು ಅವನು ಒಳಗೆ ಕೋಣೆಯಲ್ಲಿ ಹೇಳಿದ್ದರೆ ಆಮೇಲೆ ಮಾತು ತಿರುಗಿಸಬಹುದಿತ್ತು. ಹೇಳಿದ್ದು ಪಡಸಾಲೆಯಲ್ಲಿ, ತಾಯಿ ದುರುಗವ್ವ ಮತ್ತು ಪಕ್ಕದ ಮನೆಯ ರೇಣುಕಮ್ಮ ಇಬ್ಬರ ಮುಂದೆ. ಕರೆಂಟ್ ಆಫೀಸಿನವರಿಗೆ ಇದೆಲ್ಲ ತಿಳಿಯದೆ ಮತ್ತಾರಿಗೆ ತಿಳಿಯಬೇಕು ಎಂದು ರೇಣುಕಮ್ಮ ತಲೆಯಾಡಿಸಿದಳು. ಕಳಕೇಶ ಮೀಸೆಯ ಮೇಲೆ ಕೈಯಾಡಿಸಿಕೊಂಡ.

ಮರುದಿನ ಅವನು ರಜೆ ಹಾಕಿ ಗಂಗಾವತಿಗೆ ಹೋದ. ಗಾಜಿನ ಬಾಗಿಲಿನ ತಣ್ಣನೆಯ ದೊಡ್ಡ ಅಂಗಡಿ. ಒಳಗಿದ್ದ ಹುಡುಗಿ ಯಾವ ಉಪಯೋಗಕ್ಕೆ ಬೇಕು ಸರ್ ಎಂದು ಕೇಳಿದಳು. ದಿನಾ ಬಳಸುವುದಕ್ಕೆ ಎಂದು ಕಳಕೇಶ ಉತ್ತರ ಕೊಟ್ಟ. ಅವಳು ರ‍್ಯಾಮ್ ಎಂದಳು, ಎಸ್ಸೆಸ್ಡಿ ಎಂದಳು, ಪ್ರೊಸೆಸರ್ ಎಂದಳು, ಗ್ಯಾರಂಟಿ ಬೇರೆ ವಾರಂಟಿ ಬೇರೆ ಎಂದಳು. ಕಳಕೇಶ ಒಂದೊಂದಕ್ಕೂ "ಅದು ಇರಬೇಕ್ರಿ" ಎನ್ನುತ್ತ ಹೋದ. ಎಲ್ಲ ಇದ್ದದ್ದನ್ನು ತಂದು ಮುಂದಿಟ್ಟಾಗ ಅದರ ಬೆಲೆ ಒಂದು ಮೋಟಾರ್ ಸೈಕಲ್ಲಿಗೆ ಸಮೀಪವಿತ್ತು. ಮನೆಯಲ್ಲಿ ವಿಚಾರ ಮಾಡಿ ಬರುತ್ತೇನೆಂದು ಹೊರಬಿದ್ದ ಕಳಕೇಶ ಬಸ್‌ಸ್ಟ್ಯಾಂಡಿನ ಕಬ್ಬಿನ ಹಾಲಿನ ಗಾಡಿಯ ಮುಂದೆ ನಿಂತು ಬೆವರು ಒರೆಸಿಕೊಂಡ. ಸಾದಾ ಒಂದು ಲ್ಯಾಪ್‌ಟಾಪ್ ಆರಿಸುವುದು ಇಷ್ಟು ಕಷ್ಟವೆಂದು ಗೊತ್ತಿದ್ದರೆ ಅವನು ಪಡಸಾಲೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ಅವನಿಗೆ ಒಂದು ಉಪಾಯ ಹೊಳೆಯಿತು. ತಾನು ದಿನವೂ ಮನೆಮನೆಗೆ ಹೋಗುವವನು. ಲ್ಯಾಪ್‌ಟಾಪ್ ಇದ್ದವರನ್ನು ಕೇಳಿ, ಹೆಚ್ಚು ಮಂದಿ ಛಲೋ ಎಂದದ್ದನ್ನು ಕೊಂಡರಾಯಿತು. ಆದರೆ ತನ್ನ ಹೆಂಡತಿಗೆ ಬೇಕಾಗಿದೆ ಎಂದು ಹೇಳುವಂತಿಲ್ಲ. ಎಲ್ಲ ಬಲ್ಲವನು ಊರೆಲ್ಲ ಸಲಹೆ ಕೇಳುತ್ತ ತಿರುಗಿದರೆ ರೇಣುಕಮ್ಮ ಏನೆಂದಾಳು? ಆದ್ದರಿಂದ ತನಗೆ ಸಂಬಂಧವೇ ಇಲ್ಲವೆಂಬಂತೆ, ಬಿಲ್ಲು ಕೊಡುವ ಧ್ವನಿಯಲ್ಲೇ ಕೇಳುವುದೆಂದು ನಿರ್ಧಾರ ಮಾಡಿದ. ಲೋಕದ ಎಷ್ಟೋ ಅನಾಹುತಗಳು ಹೀಗೆ ಮಾನ ಉಳಿಸಿಕೊಳ್ಳಲು ಹೋದವರಿಂದಲೇ ಆಗಿವೆ.

ಮೊದಲು ಹೋದದ್ದು ರೇಣುಕಮ್ಮನ ಮನೆಗೇ. ಮೀಟರು ನೋಡಿದ, ಬಿಲ್ಲು ಹರಿದು ಕೊಟ್ಟ, ಆಮೇಲೆ ಗಂಟಲು ಸರಿಮಾಡಿಕೊಂಡ.

"ಮನ್ಯಾಗ ಲ್ಯಾಪ್‌ಟಾಪ್ ಐತೇನ್ರಿ? ಯಾವ ಕಂಪನಿದು? ಯಾವಾಗ ತೊಗೊಂಡ್ರಿ? ದಿನಕ್ಕ ಎಷ್ಟು ತಾಸು ಹಚ್ತೀರಿ?"

ಕೇಳುತ್ತಿರುವಾಗ ಅವನ ಹೆಬ್ಬೆರಳು ರೂಢಿಯಂತೆ ಯಂತ್ರದ ಗುಂಡಿಗಳ ಮೇಲೆ ಓಡಾಡುತ್ತಿತ್ತು. ರೇಣುಕಮ್ಮ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟಳು. ಮೂರನೆಯದಕ್ಕೆ ಅವಳ ದೃಷ್ಟಿ ಆ ಹೆಬ್ಬೆರಳಿನ ಮೇಲೆ ಬಿತ್ತು. ಇದೆಲ್ಲ ಯಾಕೆ ಕೇಳುತ್ತೀರಿ ಎಂದಳು.

"ಹಂಗ ಸುಮ್ಮನ. ಮಾಹಿತಿಗೆ," ಎಂದ ಕಳಕೇಶ.

ನಮ್ಮ ಕಡೆ ಯಂತ್ರ ಹಿಡಿದವನು ಬಾಗಿಲಲ್ಲಿ ನಿಂತು ಮಾಹಿತಿಗೆ ಎಂದನೆಂದರೆ ಆ ಮನೆಯ ಒಲೆ ಅರ್ಧ ಆರಿದ ಹಾಗೆ. ಮಾಹಿತಿ ಕೊಟ್ಟವರ ರೇಷನ್ ಕಾರ್ಡು ಹೋದದ್ದುಂಟು, ಪಿಂಚಣಿ ನಿಂತದ್ದುಂಟು ಎಂದು ಎಲ್ಲರೂ ಎಲ್ಲರಿಂದ ಕೇಳಿದ್ದಾರೆ. ಮೇಲಾಗಿ ಈಗ ಮನೆಗಳಿಗೆ ಪುಕ್ಕಟೆ ಕರೆಂಟು ಬೇರೆ. ಎಲ್ಲ ಬಲ್ಲ ಕಳಕೇಶ ಹೆಂಡತಿಯ ಲ್ಯಾಪ್‌ಟಾಪಿಗಾಗಿ ತನ್ನನ್ನು ಕೇಳಿಯಾನೆಂದು ರೇಣುಕಮ್ಮನಿಗೆ ಹೊಳೆಯಲೇ ಇಲ್ಲ. ಅವನು ಓಣಿಯ ತಿರುವು ದಾಟುವುದರೊಳಗೆ ಅವಳಿಗೆ ಎಲ್ಲ ಅರ್ಥವಾಗಿತ್ತು. ಲ್ಯಾಪ್‌ಟಾಪ್ ಇದ್ದವರು ಬಡವರಲ್ಲ, ಅಂಥವರ ಪುಕ್ಕಟೆ ಕರೆಂಟು ಬಂದ್. ಅವಳು ಹಿತ್ತಲ ಗೋಡೆಯ ಮೇಲಿಂದ ಆಚೆಯವಳಿಗೆ ಹೇಳಿದಳು. ಆಚೆಯವಳಿಗೆ ಫೋನಿತ್ತು.

ಕಳಕೇಶ ನಡೆದುಕೊಂಡು ಹೋಗುತ್ತಿದ್ದ, ಸುದ್ದಿ ಅವನಿಗಿಂತ ಮುಂದೆ ಓಡುತ್ತಿತ್ತು. ಟೇಲರ್ ಅಬ್ದುಲಸಾಬನ ಮನೆಗೆ ಬಂದಾಗ ಅವನಿಗೆ ನಿಜಕ್ಕೂ ಭರವಸೆಯಿತ್ತು. ಅಬ್ದುಲಸಾಬನ ಮಗಳು ಅಫ್ಸಾನಾ ಹೊರಸಿನ ಮೇಲೆ ಕುಳಿತು ಲ್ಯಾಪ್‌ಟಾಪಿನಲ್ಲಿ ಪಾಠ ಕೇಳುವುದನ್ನು ಹಿಂದಿನ ತಿಂಗಳು ಅವನೇ ಕಣ್ಣಾರೆ ಕಂಡಿದ್ದ. ಇವತ್ತು ಹೊರಸಿನ ಮೇಲೆ ಹೊಲಿಯಲು ಬಂದ ಬಟ್ಟೆಗಳ ರಾಶಿಯಿತ್ತು, ರಾಶಿಗೆ ಆನಿಕೊಂಡು ಅಬ್ದುಲಸಾಬ ಕುಳಿತಿದ್ದ. ಲ್ಯಾಪ್‌ಟಾಪ್ ಎಂದರೆ ಹೇಗಿರುತ್ತದೆಂದು ತಾನು ಈವರೆಗೆ ನೋಡಿಯೇ ಇಲ್ಲವೆಂದು ಅವನು ಕೈಮುಗಿದು ಹೇಳಿದ. ಅಷ್ಟರಲ್ಲಿ ಬಟ್ಟೆಯ ರಾಶಿಯೊಳಗಿಂದ ಒಬ್ಬ ಹೆಂಗಸಿನ ಧ್ವನಿ, ಎಲ್ಲರಿಗೂ ಕೇಳಿಸುತ್ತಿದೆಯಾ ಎಂದು ಕೇಳಿತು.

"ರೇಡಿಯೋರಿ," ಎಂದ ಅಬ್ದುಲಸಾಬ.

ಅಡಿಗೆಮನೆಯೊಳಗಿಂದ ಅಫ್ಸಾನಾ, "ಕೇಳಸ್ತದ ಮೇಡಂ," ಎಂದು ಉತ್ತರ ಕೊಟ್ಟಳು. ಅಪ್ಪ ಕಣ್ಣುಮುಚ್ಚಿಕೊಂಡ.

ಮುಂದಿನ ಮನೆಗಳಲ್ಲೂ ಇಲ್ಲವೆಂಬ ಉತ್ತರವೇ ಸಿಕ್ಕಿತು. ಬುದ್ಧಿವಂತನಾದವನು ಅಲ್ಲಿಗೆ ಏನಾದರೂ ಊಹಿಸಬೇಕಿತ್ತು. ಕಳಕೇಶನೂ ಊಹಿಸಿದ. ಇದ್ದವರೆಲ್ಲ ಇಲ್ಲ ಎನ್ನುತ್ತಿದ್ದಾರೆಂದರೆ ಎಲ್ಲರೂ ಮೋಸಹೋಗಿದ್ದಾರೆ, ತಾವು ಕೊಂಡದ್ದು ಕೆಟ್ಟದ್ದೆಂದು ಹೇಳಿಕೊಳ್ಳಲು ನಾಚುತ್ತಿದ್ದಾರೆ. ಊರಲ್ಲಿ ಒಂದಾದರೂ ಛಲೋ ಲ್ಯಾಪ್‌ಟಾಪ್ ಇದ್ದರೆ ಅದರ ಯಜಮಾನ ಸುಮ್ಮನಿರುತ್ತಿದ್ದನೇ? ಹೀಗೆ ವಿಚಾರ ಮಾಡಿದಷ್ಟೂ ಅವನಿಗೆ ಚಿಂತೆ ಹೆಚ್ಚತೊಡಗಿತು. ರಾತ್ರಿ ಊಟಕ್ಕೆ ಕುಳಿತವನು ಅರ್ಧ ರೊಟ್ಟಿ ಬಿಟ್ಟು ಎದ್ದ. ಅನ್ನಪೂರ್ಣ ಏನಾಯಿತೆಂದು ಕೇಳಿದಾಗ, ಮಾರ್ಕೆಟ್ ಸ್ಟಡಿ ನಡೆದಿದೆ ಎಂದ. ಸೋಮವಾರ ಬಂದೇಬಿಡುತ್ತದೆ ಎಂದು ಅವಳು ನೆನಪು ಮಾಡಿಕೊಟ್ಟಳು. ಅದು ಅವನಿಗೆ ಮರೆತಿದ್ದರೆ ತಾನೇ.

ಶುಕ್ರವಾರ ಆಫೀಸಿನಲ್ಲಿ ಸಾಹೇಬರು ಮೀಟರ್ ನೋಡುವವರನ್ನೆಲ್ಲ ಕರೆಸಿ ಸಾಲಾಗಿ ನಿಲ್ಲಿಸಿದರು. ಮುಂಜಾನೆಯಿಂದ ಅವರ ಫೋನು ಬಿಡುವು ಕೊಟ್ಟಿರಲಿಲ್ಲ. ಯಾವುದೋ ತಂಡ ಜೀಪಿನಲ್ಲಿ ಬಂದು ಲ್ಯಾಪ್‌ಟಾಪ್ ಇದ್ದವರ ಲೈನು ಕತ್ತರಿಸುತ್ತಿದೆಯಂತೆ, ತಾವರಗೇರಾದಲ್ಲಿ ಮಂದಿ ಮನೆಗೆ ಬೀಗ ಹಾಕಿಕೊಂಡು ಹೊಲಕ್ಕೆ ಹೋಗಿ ಕುಳಿತಿದ್ದಾರಂತೆ. ಅಂಥ ಯಾವ ಹುಕುಮೂ ಬಂದಿಲ್ಲ, ನಿಮ್ಮಲ್ಲಿ ಯಾರಿಗಾದರೂ ಈ ತಂಡದ ಸುಳಿವು ಇದೆಯೇ ಎಂದು ಸಾಹೇಬರು ಕೇಳಿದರು. ಜೀಪು, ತಂಡ ಎಂಬ ಮಾತು ಕೇಳಿ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಕಳಕೇಶನಿಗೆ.

"ಬಡವರ ಹೊಟ್ಟಿ ಮ್ಯಾಲೆ ಹೊಡಿಯೂ ಸುದ್ದಿ ಇದು, ಸರ್. ಹಬ್ಬಿಸಿದಾಂವ ಸಿಕ್ಕರ ನಾನ ಹಿಡಿದು ತಂದು ನಿಮ್ಮ ಮುಂದ ನಿಂದರಸ್ತೀನಿ," ಎಂದ.

ಈ ಕಳಕಳಿಯನ್ನು ಸಾಹೇಬರು ಮೆಚ್ಚಿದರು. ಹಾಗಾದರೆ ಆ ಮನುಷ್ಯನನ್ನು ಹುಡುಕುವ ಕೆಲಸ ನೀನೇ ವಹಿಸಿಕೋ ಎಂದು ಅಪ್ಪಣೆ ಕೊಟ್ಟರು. ಕಳಕೇಶ ಮತ್ತೆ ಅದೇ ಓಣಿಗಳಿಗೆ ಹೊರಟ. ಲ್ಯಾಪ್‌ಟಾಪ್ ವಿಚಾರಿಸಲು ಯಾರಾದರೂ ಬಂದಿದ್ದರೇನು ಎಂದು ಮನೆಮನೆಯಲ್ಲಿ ಕೇಳಿದ. ಮಂದಿ ಅವನ ಮುಖವನ್ನೂ ಕೈಯಲ್ಲಿದ್ದ ಯಂತ್ರವನ್ನೂ ನೋಡಿ, ಯಾರೂ ಬಂದಿಲ್ಲವೆಂದೂ, ಬಂದರೂ ತಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲವೆಂದೂ ಹೇಳಿದರು. ಒಬ್ಬ ಮುದುಕಿಯಂತೂ, ಇದನ್ನೂ ಲ್ಯಾಪ್‌ಟಾಪ್ ಎಂದಾನೆಂದು ಹೆದರಿ, ಕಾಳು ಹಸನು ಮಾಡುತ್ತಿದ್ದ ಮೊರವನ್ನು ಬಗಲಲ್ಲಿ ಮುಚ್ಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಂಡ ಎಂಥ ಚಾಲಾಕಿನದಿರಬೇಕು, ಒಂದು ಸುಳಿವೂ ಬಿಟ್ಟಿಲ್ಲವಲ್ಲ ಎಂದು ಕಳಕೇಶ ಬೆರಗಾದ.

ಶನಿವಾರ ಸಂಜೆಗೆ ಅವನ ಧೈರ್ಯ ಪೂರ್ತಿ ಕುಸಿಯಿತು. ಬಸ್‌ಸ್ಟ್ಯಾಂಡಿನ ಎದುರು ಹಳೆಯ ಫೋನು, ಲ್ಯಾಪ್‌ಟಾಪು ಕೊಂಡು ಮಾರುವ ನಜೀರಸಾಬನ ಅಂಗಡಿಗೆ ಹೋದ. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಜಿನ ಮೇಲೆ, ಕೆಳಗೆ, ಕುರ್ಚಿಯ ಮೇಲೆ ಲ್ಯಾಪ್‌ಟಾಪುಗಳು ಅಡಕಲಾಗಿ ಕುಳಿತಿದ್ದವು. ನಜೀರಸಾಬನೂ ದಿಗಿಲುಬಿದ್ದಿದ್ದ. ಎರಡು ದಿನದಿಂದ ಮಂದಿ ಸೀರೆಯಲ್ಲಿ, ಚಾದರದಲ್ಲಿ ಸುತ್ತಿಕೊಂಡು ಬರುತ್ತಾರೆ, ಚೌಕಾಸಿ ಮಾಡುವುದಿಲ್ಲ, ಕೊಟ್ಟಷ್ಟು ತೆಗೆದುಕೊಂಡು ತಲೆ ತಗ್ಗಿಸಿ ಹೋಗುತ್ತಾರೆ ಎಂದು ಪಿಸುಗುಟ್ಟಿದ. ತನ್ನ ಜನ್ಮದಲ್ಲಿ ಇಂಥ ವ್ಯಾಪಾರ ಕಂಡಿಲ್ಲವೆಂದೂ, ನಿನಗೊಂದು ಬೇಕಿದ್ದರೆ ಬಂದ ಬೆಲೆಗೇ ಕೊಡುತ್ತೇನೆಂದೂ ಅಂದ.

ಕಳಕೇಶ ಒಂದೊಂದನ್ನೇ ಎತ್ತಿದ, ತೂಗಿ ನೋಡಿದ, ಮುಚ್ಚಳ ತೆರೆದ, ಮುಚ್ಚಿದ. ಬೆಲೆ ಯಾಕೆ ಇಷ್ಟು ಕಡಿಮೆ ಎಂಬ ಹೊಸ ಚಿಂತೆ ಹತ್ತಿತು. ಬಿಲ್ಲು ಮಾಡಲು ಬೇಕಾಗಿದೆ ಎಂದು ಹೇಳಿ, ಗಂಗಾವತಿಯ ಹುಡುಗಿಯ ಮಾತುಗಳನ್ನೆಲ್ಲ ನೆನೆದು ಕೇಳತೊಡಗಿದ. ನಜೀರಸಾಬನ ತಾಳ್ಮೆ ಹರಿಯಿತು.

"ಕಳಕೇಶಣ್ಣ, ಬ್ಯಾಟರಿ ನಿಲ್ತೈತಿ, ಕನ್ನಡ ಬರ್ತೈತಿ. ಕೆಟ್ರ ನಾ ಎಲ್ಲಿಗೂ ಓಡಿ ಹೋಗಂಗಿಲ್ಲ. ಬಿಲ್ ಮಾಡಾಕ ಇನ್ನೇನ್ ಬೇಕು?" ಎಂದು ಶಟರಿಗೆ ಕೈ ಹಾಕಿದ.

ಶಟರು ಅರ್ಧ ಇಳಿದಾಗ ಯಾವುದು ಕೈಗೆ ಹತ್ತಿರವಿತ್ತೋ ಅದನ್ನು ಕಳಕೇಶ ಎತ್ತಿಕೊಂಡ. ವಾರವಿಡೀ ನಡೆದ ಮಾರ್ಕೆಟ್ ಸ್ಟಡಿಯ ಕೊನೆಯ ತೀರ್ಮಾನ ಹೀಗಾಯಿತು.

ಅನ್ನಪೂರ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ತೆರೆದಳು. ಮೊದಲು ತನ್ನ ಹೆಸರು ಹೊಡೆದಳು, ಆಮೇಲೆ ಅತ್ತೆಯ ಹೆಸರು. ಪರದೆಯ ಮೇಲೆ ತನ್ನ ಹೆಸರನ್ನು ಕಂಡು ದುರುಗವ್ವ ಬೊಚ್ಚುಬಾಯಿ ತೆರೆದು ನಕ್ಕಳು. ಅನ್ನಪೂರ್ಣಳ ಬೆರಳು ಮೊದಲು ತಡವರಿಸಿದವು, ಆಮೇಲೆ ಜಾಡು ಹಿಡಿದವು. ಎಷ್ಟು ಛಲೋದು ಆರಿಸಿದಿರಿ ಎಂದು ಅವಳು ಗಂಡನ ಕಡೆ ನೋಡಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ಕಳಕೇಶ ಬಹಳ ವರ್ಷಗಳಿಂದ ಕಂಡಿರಲಿಲ್ಲ. ಅವನಿಗೆ ಹೆಮ್ಮೆಯೂ ಆಯಿತು, ಸ್ವಲ್ಪ ಅಳುವೂ ಬಂತು. ಆ ರಾತ್ರಿ ಅವನು ಹೊಟ್ಟೆ ತುಂಬ ಉಂಡು ಮಲಗಿದ.

ಈ ನೆಮ್ಮದಿ ಭಾನುವಾರ ಮಧ್ಯಾಹ್ನದವರೆಗೆ ಮಾತ್ರ. ಯಲಬುರ್ಗಾದಿಂದ ಅವನ ಚಿಕ್ಕಪ್ಪ ಮುದಿಯಪ್ಪ ಬಂದ. ಬಂದವನು ನೀರು ಕೂಡ ಮುಟ್ಟದೆ, ಬಾಗಿಲು ಮುಂದೆ ಮಾಡಿ, ಕಳಕೇಶನನ್ನು ಮೂಲೆಗೆ ಎಳೆದುಕೊಂಡು ಹೋದ.

"ತಮ್ಮಾ, ಜೀಪಿನ ಮ್ಯಾಲೆ ಒಂದು ಮಷಿನ್ ಕುಂದರಿಸ್ಯಾರಂತ. ಮನಿ ಮುಂದ ಬಂದು ನಿಂತ್ರ ಸಾಕು, ಒಳಗ ಲ್ಯಾಪ್‌ಟಾಪ್ ಇದ್ದದ್ದು ಕೂಗಿ ಹೇಳ್ತೈತಂತ. ಕರೆಂಟ್ ಹೋತು, ರೇಷನ್ ಕಾರ್ಡ್ ಹೋತು, ಮುದುಕರ ಪಗಾರ ಹೋತು. ಕರೆಂಟ್ ಆಫೀಸಿನವ್ರ ಮನ್ಯಾಗ ಸಿಕ್ರಂತೂ ನೌಕರಿನ ಹೋತು."

ಇದು ಎಲ್ಲಿಂದ ಬಂದ ಸುದ್ದಿ ಕಾಕಾ ಎಂದು ಕಳಕೇಶ ಕೇಳಿದ. ಶುರುವಾದದ್ದೇ ನಿಮ್ಮ ಕುಷ್ಟಗಿಯಲ್ಲಿ, ನಿನಗೇ ಗೊತ್ತಿಲ್ಲವೇ ಎಂದು ಮುದಿಯಪ್ಪ ಬೈದ.

ಕಳಕೇಶನಿಗೆ ಈಗ ಎಲ್ಲ ಒಂದಕ್ಕೊಂದು ಕೂಡಿತು. ಅಬ್ದುಲಸಾಬನ ಬಟ್ಟೆಯ ರಾಶಿ, ಮುದುಕಿಯ ಮೊರ, ನಜೀರಸಾಬನ ಅಂಗಡಿಯ ಅಗ್ಗದ ಬೆಲೆ. ಇಡೀ ಊರಿಗೆ ತಿಳಿದ ಸಂಗತಿ ತನಗೊಬ್ಬನಿಗೆ ತಿಳಿಯದೆ, ಎಲ್ಲರೂ ಹೊರಗೆ ದೂಡುತ್ತಿದ್ದ ಕಂಟಕವನ್ನು ತಾನು ಎದೆಗವಚಿಕೊಂಡು ಮನೆಗೆ ತಂದಿದ್ದ. ಸಾಹೇಬರು ಹುಕುಮು ಬಂದಿಲ್ಲ ಎಂದದ್ದು ನೆನಪಾಯಿತು. ಸಾಹೇಬರು ಯಾವಾಗಲಾದರೂ ಬಂದ ಹುಕುಮನ್ನು ಬಂದಿದೆ ಎಂದು ಹೇಳಿದ್ದುಂಟೇ?

ಅನ್ನಪೂರ್ಣ ನಾಳೆಗೆ ಉಡುವ ಸೀರೆಯನ್ನು ಇಸ್ತ್ರಿಗೆ ಕೊಡಲು ಹೋಗಿದ್ದಳು. ಕಳಕೇಶ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ, ಅಡಿಗೆಮನೆಯ ಮೂಲೆಯಲ್ಲಿದ್ದ ಜೋಳದ ಚೀಲದೊಳಗೆ ಆಳಕ್ಕೆ ಹುಗಿದ. ಹುಗಿದ ಮೇಲೆ ನಾಳೆಯ ಸೋಮವಾರ ಕಣ್ಣ ಮುಂದೆ ಬಂತು. ಕೊಟ್ಟರೆ ನೌಕರಿಗೆ ಕುತ್ತು, ಕೊಡದಿದ್ದರೆ ಹೆಂಡತಿಯ ಆಸೆಗೆ ಕಲ್ಲು. ಮುಂಜಾನೆ ಎದ್ದು ಸಮಾಧಾನದಿಂದ ಹೇಳಿದರಾಯಿತು ಎಂದುಕೊಂಡ. ಸಮಾಧಾನ ಎಲ್ಲಿಂದ ತರುವುದೆಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಸೋಮವಾರ ಅನ್ನಪೂರ್ಣ ಇಸ್ತ್ರಿ ಸೀರೆ ಉಟ್ಟು, ಹೂ ಮುಡಿದು, ಲ್ಯಾಪ್‌ಟಾಪ್ ಹುಡುಕತೊಡಗಿದಳು. ಕಪಾಟಿನಲ್ಲಿಲ್ಲ, ಹಾಸಿಗೆಯ ಕೆಳಗಿಲ್ಲ. ಅವಳ ಮುಖ ಸಣ್ಣದಾಗುತ್ತ ಬಂತು. ಕಳಕೇಶ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದು ಜೀಪು ಎಂದ, ಮಷಿನ್ ಎಂದ, ಕಡೆಗೆ ಜೋಳದ ಚೀಲ ಎಂದ. ಅವಳು ಅಡಿಗೆಮನೆಗೆ ಓಡಿದಳು. ಚೀಲವಿದ್ದ ಜಾಗವನ್ನು ಯಾರೋ ಚೊಕ್ಕಟವಾಗಿ ಗುಡಿಸಿದ್ದರು.

"ಹಿಟ್ಟು ತೀರಿತ್ತು, ಗಿರಣಿಗೆ ಕಳಿಸೀನಿ," ಎಂದಳು ದುರುಗವ್ವ.

ಅನ್ನಪೂರ್ಣ ಅತ್ತಿದ್ದರೆ, ಬೈದಿದ್ದರೆ ಕಳಕೇಶನಿಗೆ ಎಷ್ಟೋ ಹಗುರವಾಗುತ್ತಿತ್ತು. ಸೀರೆಯ ನಿರಿಗೆ ಎತ್ತಿ ಹಿಡಿದು ಅವಳು ಓಣಿಗಿಳಿದು ಓಡಿದಳು, ಹಿಂದೆ ಕಳಕೇಶ ಬರಿಗಾಲಲ್ಲಿ ಓಡಿದ. ಅವರು ಗಿರಣಿ ಮುಟ್ಟಿದಾಗ ಗಿರಣಿಯವನು ಅವರ ಚೀಲವನ್ನೇ ಎತ್ತಿ ಸುರಿಯುತ್ತಿದ್ದ. ಜೋಳದ ಜತೆಗೆ ಟವೆಲ್ಲಿನ ಗಂಟು ಜಾರಿ ಬಂದು ಗಿರಣಿಯ ಬಾಯಿಗೆ ಅಡ್ಡ ನಿಂತಿತು. ಗಿರಣಿಯವನು ಹೌಹಾರಿ ಕರೆಂಟ್ ಬಂದ್ ಮಾಡಿದ. ಟವೆಲ್ಲು ಬಿಚ್ಚಿಕೊಂಡು, ಪಾಳಿಯಲ್ಲಿ ನಿಂತಿದ್ದ ಹೆಂಗಸರೆಲ್ಲರ ಮುಂದೆ ಲ್ಯಾಪ್‌ಟಾಪ್ ಬಯಲಾಯಿತು.

ಹೆಂಗಸರು ಒಬ್ಬೊಬ್ಬರಾಗಿ ಮುಖ ಆಚೆ ತಿರುಗಿಸಿ, ತಾವೇನೂ ನೋಡಿಲ್ಲವೆಂಬುದನ್ನು ತೋರಿಸಿಕೊಟ್ಟರು. ಒಬ್ಬಾಕೆ ಮಾತ್ರ ಅನುಕಂಪದಿಂದ, "ಜ್ವಾಳದಾಗ ಇಡಬಾರದವ್ವ. ನಾವು ಕೌದ್ಯಾಗ ಹೊಲಿದು ಇಟ್ಟೀವಿ," ಎಂದಳು.

ರೇಣುಕಮ್ಮ ಪಾಳಿಯಲ್ಲೇ ಇದ್ದಳು. ಕಳಕೇಶ ಚೆಲ್ಲಿದ ಜೋಳ ಬಳಿಯಲು ಕುಳಿತಾಗ, ಅವಳು ಸೆರಗಿನಿಂದ ಲ್ಯಾಪ್‌ಟಾಪಿನ ಹಿಟ್ಟು ಒರೆಸುತ್ತ ಅನ್ನಪೂರ್ಣಳ ಕಿವಿಯಲ್ಲಿ ಹೇಳಿದಳು.

"ನಿಮ್ಮ ಮನಿಯವ್ರು ಮಷಿನ್ ಹಿಡ್ಕೊಂಡು ಬಂದು ಕೇಳಿದ್ದಕ್ಕ ಅಲ್ಲೇನವಾ, ನಾವೆಲ್ಲಾ ಮುಚ್ಚಿಟ್ಟಿದ್ದು. ನಿಮ್ಮ ಮನ್ಯಾಗೂ ಮುಚ್ಚಿಡೂದು ಬಂತಲ್ಲ."

ಅನ್ನಪೂರ್ಣ ಗಂಡನನ್ನು ನೋಡಿದಳು. ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಒಂದೊಂದೇ ಕಾಳನ್ನು ಹೆಕ್ಕುತ್ತ, ಓಣಿಯ ತುದಿಯಲ್ಲಿ ಜೀಪು ಬರುತ್ತಿದೆಯೋ ಎಂದು ಕಣ್ಣಿಟ್ಟಿದ್ದ. ಅವಳಿಗೆ ಕೇಳಬೇಕಾದದ್ದು ಬಹಳವಿತ್ತು, ಹೊತ್ತು ಇರಲಿಲ್ಲ. ಲ್ಯಾಪ್‌ಟಾಪನ್ನು ಬಗಲಿಗೆ ಹಾಕಿಕೊಂಡು ಹೊರಟಳು.

ಅವತ್ತು ಕಳಕೇಶ ಎಷ್ಟು ಮೀಟರು ನೋಡಿದನೋ, ಯಾರ ಬಿಲ್ಲು ಯಾರಿಗೆ ಕೊಟ್ಟನೋ ದೇವರೇ ಬಲ್ಲ. ಸಂಜೆ ಮನೆಯ ಕಟ್ಟೆಯ ಮೇಲೆ ಕುಳಿತಾಗ ಅವನಿಗಿದ್ದದ್ದು ಒಂದೇ ಹೆದರಿಕೆ. ಅವಳ ಕೆಲಸ ತನ್ನಿಂದ ಹೋಯಿತು, ಇನ್ನು ಅವಳು ತನ್ನನ್ನು ನಂಬಲಾರಳು. ಅಷ್ಟರಲ್ಲಿ ಅನ್ನಪೂರ್ಣ ಬಂದಳು. ಚಪ್ಪಲಿ ಬಿಟ್ಟು, ಮುಖ ತೊಳೆದು, ಒಲೆಯ ಮೇಲೆ ಚಹಾಕ್ಕೆ ಇಟ್ಟಳು. ಕಳಕೇಶ ಬಾಗಿಲಲ್ಲಿ ನಿಂತು ಏನಾಯಿತೆಂದು ಕೇಳಿದ.

ತಾವರಗೇರಾದವಳು ಬರಿಗೈಯಲ್ಲಿ ಬಂದಿದ್ದಳಂತೆ. ತನ್ನ ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ, ಹಿಂದೆಯೂ ಇರಲಿಲ್ಲ ಎಂದು ದೇವರ ಮೇಲೆ ಆಣೆ ಮಾಡಿದಳಂತೆ. ಇಟಗಿಯವಳು ತನಗೆ ಕಂಪ್ಯೂಟರೇ ಬರುವುದಿಲ್ಲ, ಅರ್ಜಿ ಹಾಕಿದವಳು ಬೇರೆ ಯಾರೋ ಇರಬೇಕು ಎಂದಳಂತೆ. ಅಧ್ಯಕ್ಷೆ ದಿಕ್ಕು ತೋಚದೆ ಕುಳಿತಿದ್ದಾಗ ಅನ್ನಪೂರ್ಣ ಒಬ್ಬಳೇ ಲ್ಯಾಪ್‌ಟಾಪ್ ತೆರೆದು ಬಿಲ್ಲು ಮಾಡಿ ತೋರಿಸಿದಳು. ಕೀಲಿಗಳ ಸಂದಿಯಿಂದ ಹಿಟ್ಟು ಉದುರುತ್ತಿತ್ತು, ಆದರೂ ಕೆಲಸ ಅವಳಿಗಾಯಿತು.

ಕಳಕೇಶ ಹೊಸ್ತಿಲ ಮೇಲೆ ಕುಸಿದು ಕುಳಿತ. ಆನಂದ ತಡೆಯಲಾರದೆ ಅವನಿಗೆ ಎಲ್ಲರ ಮೇಲೂ ಪ್ರೀತಿ ಉಕ್ಕಿತು.

"ಆ ಸುದ್ದಿ ಹಬ್ಬಿಸಿದಾಂವ ಯಾರೋ ಪುಣ್ಯಾತ್ಮ, ನಮ್ಮ ಪಾಲಿಗೆ ದೇವರಾದ. ಸಾಹೇಬರಿಗಿ ಹಿಡಿದು ಕೊಡಾಕ ಇನ್ನ ಮನಸ್ಸು ಬರಂಗಿಲ್ಲ ಬಿಡು. ಸಿಕ್ಕರ ಕರಕೊಂಡು ಬಂದು ಒಂದು ಕಪ್ ಚಹಾ ಕುಡಸಬೇಕು ನೋಡು," ಎಂದ.

ಅನ್ನಪೂರ್ಣ ಚಹಾ ಸೋಸಿ, ಕಪ್ಪನ್ನೂ ಬಸಿಯನ್ನೂ ತಂದು ಅವನ ಮುಂದಿಟ್ಟಳು.

"ಕುಡೀರಿ," ಎಂದಳು.

ಕಳಕೇಶ ಬಸಿಗೆ ಸುರಿದುಕೊಂಡು ಒಂದು ಗುಟುಕು ಕುಡಿದ. ಸಕ್ಕರೆ ಸ್ವಲ್ಪ ಕಡಿಮೆಯಾಗಿದೆ ಎಂದ.